ಎಂಟು ಜೊತೆ ಚಪ್ಪಲಿ

ನಮ್ಮಕ್ಕನ ಮಗಳಿಗೆ ಗುಬ್ಬಿ ತಾಲ್ಲೂಕು ಪರದೇಶ. ಈ ಸತ್ಯವನ್ನು ಅರಗಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಹೋದ ಜುಲೈನಲ್ಲಿ ನ್ಯೂಜೆರ್ಸಿಯ ಅವಳ ಶಾಲೆಯಿಂದ ಹನ್ನೆರಡು ಮಕ್ಕಳು, ಇಬ್ಬರು ಟೀಚರು ಸುಮಾರು ಹದಿಮೂರು ಸಾವಿರ ಕಿಲೋಮೀಟರ್ ಹಾರಿಬಂದು ಇಳಿದರು. ಇಳಿದದ್ದು ಸಮುದಾಯ ಸೇವೆಗೆ. ಸೇವೆಗೆ ಆರಿಸಿಕೊಂಡ ಸಮುದಾಯ ಗುಬ್ಬಿ ದಾಟಿದರೆ ಸಿಗುವ ಒಂದು ಹಳ್ಳಿಯ ಸರ್ಕಾರಿ ಶಾಲೆ. ಅದರ ಗೋಡೆಗೆ ಹಳದಿ ಬಣ್ಣ ಬಳಿದು, ಮೇಲೆ ಒಂದು ಚಿಟ್ಟೆ ಬರೆದರು. ಬಳಿಯುವಾಗ ಹಳೇ ಬಣ್ಣದ ಚಕ್ಕೆ ಎದ್ದು, ಕೆಳಗೆ ಯಾರದೋ ನೀಲಿ ಹಸ್ತದ ಗುರುತುಗಳು ಕಂಡವಂತೆ. ಹಿಂದಿನ ವರ್ಷ ಬಂದು ಸೇವೆ ಮಾಡಿ ಹೋದವರದು. ಅದರ ಕೆಳಗೆ ಹಸಿರು ಬಣ್ಣವೂ ಇತ್ತಂತೆ. ಇನ್ನೂ ಕೆರೆದಿದ್ದರೆ ಮೈಸೂರು ಮಹಾರಾಜರ ಕಾಲದ ಸುಣ್ಣ ಸಿಗುತ್ತಿತ್ತೇನೋ.

ಇದರಲ್ಲಿ ನನಗೆ ಸಿಟ್ಟು ಬರಿಸಿದ್ದು ಮಕ್ಕಳಲ್ಲ, ನಮ್ಮ ಭಾವ. ಅವರು ಹುಟ್ಟಿದ್ದೇ ನಿಟ್ಟೂರಿನ ಕಡೆ. ಶನಿವಾರ ಶನಿವಾರ ಶಾಲೆಯ ನೆಲವನ್ನು ಸಗಣಿಯಲ್ಲಿ ಸಾರಿಸಿ ಓದಿದ ಮನುಷ್ಯ. ಆ ಊರಿನಿಂದ ತಪ್ಪಿಸಿಕೊಂಡು ಓಡಲು ಅರ್ಧ ಆಯಸ್ಸು ಖರ್ಚು ಮಾಡಿದರು. ಈಗ ಮಗಳನ್ನು ಅದೇ ಊರಿನ ಬಗಲಿಗೆ ಕಳಿಸಲು ಡಾಲರ್ ಖರ್ಚು ಮಾಡಿ, ಫೋನಿನಲ್ಲಿ ನನಗೆ ‘ಎಕ್ಸ್‌ಪೋಷರ್ ಕಣೋ’ ಅನ್ನುತ್ತಾರೆ. ಭಾವನೆಂಬ ಮರ್ಯಾದೆಗೆ ಸುಮ್ಮನಾದೆ.

ಸೇವೆ ಮುಗಿಸಿ ಹುಡುಗಿ ನಾಲ್ಕು ದಿನ ತುಮಕೂರಿನ ನಮ್ಮ ಮನೆಯಲ್ಲಿದ್ದಳು. ಮೊದಲ ದಿನ ಊಟಕ್ಕೆ ಕೂತಾಗಲೇ ಅವಳ ಕಣ್ಣು ಬಿದ್ದದ್ದು ನಮ್ಮ ಮನೆಯ ಹಿತ್ತಾಳೆ ಸೌಟಿನ ಮೇಲೆ. ದೋಣಿಗೆ ಹುಟ್ಟು ಹಾಕಬಹುದಾದಷ್ಟು ಉದ್ದದ್ದು. ಮೂವರಿದ್ದರೂ ಮುನ್ನೂರು ಜನರಿದ್ದರೂ ನನ್ನ ಹೆಂಡತಿ ಹುಳಿ ಬಡಿಸುವುದು ಅದರಲ್ಲೇ.

“ನಿಮ್ಮ ಮಾಮಂಗೆ ಕಾಲೇಜಲ್ಲಿ ಎನ್ನೆಸ್ಸೆಸ್ ಕ್ಯಾಂಪಲ್ಲಿ ಬಂದಿದ್ದು ಪ್ರೈಜು,” ಅಂದಳು ಹೆಂಡತಿ. “ನೋಡು, ಹಿಡಿ ಮೇಲೆ ಚುಕ್ಕಿ ಚುಕ್ಕಿಯಾಗಿ ಮಾ.ದೇ. ಅಂತ ಹಾಕಿಸಿ ಕೊಟ್ಟಿದಾರೆ. ಮಾದರಿ ದೇಶಸೇವಕ.”

ನಾನು ಉಪ್ಪಿನಕಾಯಿಯ ಕಡೆ ನೋಡಿದೆ.

“ಹೌದಾ ಮಾಮ! ಹಾಗಾದ್ರೆ ನಿನ್ನ ರಿಫ್ಲೆಕ್ಷನ್ ಏನಿತ್ತು?”

ಅವಳು ಕಾಲೇಜಿಗೆ ಅರ್ಜಿ ಹಾಕುವಾಗ 650 ಪದ ಮೀರದ ಒಂದು ಪ್ರಬಂಧ ಬರೆಯಬೇಕು. ಹೋದೆ, ಬಳಿದೆ, ಬಂದೆ ಅಂದರೆ ಆಗುವುದಿಲ್ಲ. ಅದರಿಂದ ಒಳಗೆ ಏನಾಯಿತು ಅಂತ ಹೇಳಬೇಕು. ನಾನು ಹೇಳಿದೆ: “ಓ, ಅನಿಸಿಕೆ! ಅದನ್ನ ನಾವೂ ಮಾಡಿದೀವಿ.” ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನಮ್ಮ ಮನೆಯಲ್ಲಿ ನೆಮ್ಮದಿ ಇರುತ್ತಿತ್ತು.

ಎನ್ನೆಸ್ಸೆಸ್ ಹುಟ್ಟಿದ್ದು ಗಾಂಧೀಜಿಯ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು. ಬಳ್ಳಾರಿಯಿಂದ ಗೆದ್ದು ಕೇಂದ್ರದ ಶಿಕ್ಷಣ ಮಂತ್ರಿಯಾಗಿದ್ದ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಶುರುಮಾಡಿದರು. ಅವರ ಉದ್ದೇಶದಲ್ಲಿ ಯಾವ ದೋಷವೂ ಇಲ್ಲ. ಇಪ್ಪತ್ತೊಂದು ವರ್ಷ ಬಿಟ್ಟು ನಾನು ಅದಕ್ಕೆ ಸೇರುತ್ತೇನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ನಡುವೆ ಏಳು ದಿನದ ಶಿಬಿರ, ಕೊನೆಗೆ ಒಂದು ಸರ್ಟಿಫಿಕೇಟು. ಎದೆಗೆ ಚುಚ್ಚಿಕೊಳ್ಳಲು ಕೊನಾರ್ಕದ ಸೂರ್ಯರಥದ ಚಕ್ರವಿರುವ ಬಿಲ್ಲೆ. ಚಕ್ರದ ಎಂಟು ಅರೆಗಳು ದಿನದ ಇಪ್ಪತ್ನಾಲ್ಕು ಗಂಟೆಯನ್ನು ಸೂಚಿಸುತ್ತವೆ, ಹಗಲಿರುಳೂ ಸೇವೆಗೆ ಸಿದ್ಧ ಅಂತ. ನಾವು ಬೆಳಿಗ್ಗೆ ಆರಕ್ಕೆ ಸಿದ್ಧರಾಗುತ್ತಿದ್ದೆವು. ಎದ್ದ ತಕ್ಷಣ ‘ಏಳಿ ಗ್ರಾಮಸ್ಥರೇ ಎಚ್ಚರಗೊಳ್ಳಿ’ ಎಂದು ಕೂಗುತ್ತಾ ಪ್ರಭಾತಫೇರಿ. ಗ್ರಾಮಸ್ಥರು ಆ ಹೊತ್ತಿಗೆ ಹಾಲು ಕರೆದು, ಡೈರಿಗೆ ಹಾಕಿ, ಹೊಲದ ದಾರಿ ಹಿಡಿದಿರುತ್ತಿದ್ದರು. ಬದುವಿನ ಮೇಲೆ ನಿಂತು ನಮ್ಮನ್ನು ನೋಡಿ, ಹೊಗೆಸೊಪ್ಪು ಹಾಕಿಕೊಂಡು ಮುಂದೆ ಹೋಗುತ್ತಿದ್ದರು.

1990ರ ಡಿಸೆಂಬರ್. ಗುಬ್ಬಿ ತಾಲ್ಲೂಕು ಮುಗಿದು ಕುಣಿಗಲ್ ತಾಲ್ಲೂಕು ಶುರುವಾಗುವ ಕಡೆಯ ಒಂದು ಊರು. ಹೆಸರು ಬೇಡ, ಕಾರಣ ಮುಂದೆ ಗೊತ್ತಾಗುತ್ತದೆ. ಐವತ್ತು ಹುಡುಗರು ಶಾಲೆಯಲ್ಲಿ ತಂಗಿದೆವು. ರಾತ್ರಿ ನಾಟಕ ಬೇರೆ ಆಡಿದೆವು, ಗುಬ್ಬಿ ವೀರಣ್ಣನವರ ತಾಲ್ಲೂಕಿನಲ್ಲಿ! ರಂಗದ ಮೇಲೆ ಆನೆಯನ್ನೇ ತಂದು ನಿಲ್ಲಿಸಿದ ಕಂಪನಿಯ ನೆಲ. ನಮ್ಮ ನಾಟಕಕ್ಕೆ ಬಂದದ್ದು ಒಂದು ಮೇಕೆ, ಅದೂ ತಾನಾಗಿ. ಹೆಚ್ಚು ಚಪ್ಪಾಳೆ ಅದಕ್ಕೇ ಬಿತ್ತು.

ಶ್ರಮದಾನಕ್ಕೆ ಸಿಕ್ಕಿದ್ದು ಚರಂಡಿ. ಬೋರಿಂಗ್ ಕಟ್ಟೆಯ ನೀರು ಬೀದಿಯಲ್ಲಿ ನಿಂತು ಕೊಚ್ಚೆಯಾಗುತ್ತಿತ್ತು. ಅದನ್ನು ಅರವತ್ತು ಅಡಿ ಆಚೆಯ ತೆಂಗಿನ ತೋಟಕ್ಕೆ ಹರಿಸಬೇಕು. ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ಟ್ಯೂಬು ಇರುತ್ತದೆ, ತರಿಸೋಣ ಅಂತ ಯಾರೋ ಅಂದರು. ಬೇಡ ಅಂದವನು ನಾನು. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೇ ನಂಬರ್ ಬಂದಿತ್ತು. ಒಂದು ಗೋಲಿಯನ್ನು ನೆಲದ ಮೇಲಿಟ್ಟೆ. ಅದು ತೋಟದ ಕಡೆ ಉರುಳಿತು. “ನೋಡಿ, ಇಳಿಜಾರು ಆ ಕಡೆ,” ಅಂದೆ. ಗೋಲಿ ಬಿಡುವಾಗ ನನ್ನ ಬೆರಳೇ ಅದನ್ನು ಆ ಕಡೆ ನೂಕಿತ್ತೆಂಬುದು ಆಮೇಲಿನ ಸಂಶೋಧನೆ. ಜಗಲಿಯ ಮೇಲಿದ್ದ ಒಬ್ಬ ಹಿರಿಯರು, “ನೀರು ಆ ಕಡೀಕೆ ಹೋಗಕಿಲ್ಲ ಕಣಪ್ಪ, ನಮ್ಮಪ್ಪನ ಕಾಲದಿಂದ ಹೋಗಿಲ್ಲ,” ಅಂದರು. ನಾನು ಅವರ ಪಕ್ಕ ಕೂತು ಗುರುತ್ವಾಕರ್ಷಣೆಯನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆ ಸೌಜನ್ಯ ನೆನೆದರೆ ಈಗಲೂ ಮೈಯೆಲ್ಲ ಮುಜುಗರ.

ಐದು ದಿನ ಪಿಕಾಸಿ, ಸಲಿಕೆ, ಬಾಂಡ್ಲಿ. ಆರನೆಯ ದಿನ ನೀರು ಬಿಟ್ಟೆವು. ನೀರು ಚರಂಡಿಯಲ್ಲಿ ಹತ್ತು ಅಡಿ ಹೋಗಿ, ಯೋಚನೆ ಮಾಡಿ, ವಾಪಸ್ ಬಂತು. ಬಂದದ್ದು ಬೀದಿಗಲ್ಲ. ನಮಗೆ ಅಡಿಗೆ ಮಾಡಿ ಹಾಕುತ್ತಿದ್ದ ಹೆಂಗಸಿನ ಮನೆ ಬಾಗಿಲಿಗೆ. ಆಕೆ ಮಾತಾಡದೆ ಅಂಗಳದಲ್ಲಿ ನಾಲ್ಕು ಚಪ್ಪಡಿ ಕಲ್ಲು ಹಾಕಿಕೊಂಡು, ಅದರ ಮೇಲೆ ಹೆಜ್ಜೆಯಿಡುತ್ತಾ ನಮಗೆ ಹಿಟ್ಟು ತೊಳಸಲು ಬಂದಳು.

ಏಳನೆಯ ದಿನ ಸಮಾರೋಪ. ಸಮಾರೋಪ ಅಂದ ಮೇಲೆ ಶಿಬಿರಾರ್ಥಿಗಳ ಅನಿಸಿಕೆ. ಎಂಟು ಜನರ ಪಟ್ಟಿಯಲ್ಲಿ ನಾನೇ ಕೊನೆಯವನು.

ಒಂದು ಅಚಾತುರ್ಯವಾಗಿತ್ತು. ಸೀನಿಯರ್ ಒಬ್ಬನ ಹತ್ತಿರ ಹಿಂದಿನ ವರ್ಷದ ಅನಿಸಿಕೆ ಬರೆದಿಟ್ಟ ನೋಟ್‌ಬುಕ್ಕಿತ್ತು. ಗುಟ್ಟಾಗಿ ಇಸಿದುಕೊಂಡು ಬಾಯಿಪಾಠ ಮಾಡಿದ್ದೆ. ಎಂಟು ಜನರೂ ಅದನ್ನೇ, ಅಷ್ಟೇ ಗುಟ್ಟಾಗಿ ಮಾಡಿದ್ದರು.

ಮೊದಲನೆಯವನು ಎದ್ದ. ‘ಏಳು ದಿನ ಏಳು ಗಳಿಗೆಯಂತೆ ಕಳೆಯಿತು’ ಅಂದ. ‘ಕಲಿಸಲು ಬಂದವರು ಕಲಿತು ಹೋಗುತ್ತಿದ್ದೇವೆ’ ಅಂದ. ಗಂಟಲು ಕಟ್ಟಿಸಿಕೊಂಡು, ‘ಈ ಊರಿನ ಋಣಕ್ಕೆ ನಮ್ಮ ಚರ್ಮದಲ್ಲಿ ಚಪ್ಪಲಿ ಹೊಲಿಸಿ ಕೊಟ್ಟರೂ ಸಾಲದು’ ಅಂತ ಮುಗಿಸಿದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎರಡನೆಯವನು ಎದ್ದ. ಏಳು ಗಳಿಗೆ, ಕಲಿತು ಹೋದದ್ದು, ಚಪ್ಪಲಿ. ಸೆರಗುಗಳು ಅರ್ಧಕ್ಕೆ ನಿಂತವು. ಮೂರನೆಯವನು ಚಪ್ಪಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ದನಿ, ನನ್ನ ಗುರುತ್ವಾಕರ್ಷಣೆಯ ಶಿಷ್ಯರದೇ, ತಣ್ಣಗೆ ಹೇಳಿತು: “ಮೂರು ಜೊತೆ ಆಯ್ತು.”

ಅಲ್ಲಿಂದ ಸಭೆಗೆ ಜೀವ ಬಂತು. ನಾಲ್ಕನೆಯವನಿಗೆ ವಿಷಯ ತಿಳಿದು, ಚಪ್ಪಲಿ ಬಿಟ್ಟುಬಿಡಬೇಕೆಂದು ಬೆವರಿದ. ಬಾಯಿಪಾಠ ಬಿಡಬೇಕಲ್ಲ! ‘ನಮ್ಮ ಚರ್ಮ...’ ಅಂದು ನಿಂತ. ಸಭೆ ಉಸಿರು ಹಿಡಿಯಿತು. ‘...ದಲ್ಲಿ’ ಅಂದ. “ನಾಲ್ಕು!” ಅಂತ ಹುಡುಗರು ಕೂಗಿದರು. ಐದನೆಯವನು ಜಾಣ, ‘ಪಾದರಕ್ಷೆ’ ಅಂದ. ಹಿರಿಯರು ಕ್ಷಣ ಯೋಚಿಸಿ, “ಅದೂ ಅದೇಯಾ, ಐದು,” ಅಂದರು. ಆರನೆಯವನು ಬಂದಾಗ ಯಾರೋ ಕಾಲಳತೆ ಹೇಳಿದರು. “ನಂಗೆ ಒಂಬತ್ತು ನಂಬರು ಕಣಯ್ಯ, ಅಗಲ ಜಾಸ್ತಿ ಮಡಗು.” ಏಳನೆಯವನು ಸಣಕಲ. ಅವನನ್ನು ಮೇಲಿಂದ ಕೆಳಗೆ ನೋಡಿ ಒಬ್ಬ ಅಜ್ಜಿ, “ಈ ಮಗೀನ ಮೈಯಾಗೆ ಒಂದು ಜೊತೆ ಬಂದೀತೇನವ್ವಾ,” ಅಂತ ಪಕ್ಕದವಳನ್ನು ನಿಜವಾದ ಕಳವಳದಿಂದ ಕೇಳಿತು. ನಮ್ಮ ಮೇಷ್ಟ್ರು ಮುಖದ ಮೇಲೆ ಕರಪತ್ರ ಹಿಡಿದುಕೊಂಡಿದ್ದರು.

ಎಂಟನೆಯವನು ನಾನು. ಗಳಿಗೆ ಹೋಗಿತ್ತು, ಕಲಿಕೆ ಹೋಗಿತ್ತು, ಚಪ್ಪಲಿಯಂತೂ ಊರಿಗೆಲ್ಲ ಹಂಚಿಯಾಗಿತ್ತು. ಮೈಕಿನ ಮುಂದೆ ನಿಂತೆ. ಇಡೀ ಊರು ಎಂಟನೆಯ ಜೊತೆಗೆ ಕಾಯುತ್ತಿತ್ತು. ಹೇಳಲು ಬೇರೇನೂ ಇಲ್ಲದೆ ನಿಜ ಹೇಳಿಬಿಟ್ಟೆ: “ನಾವು ತೋಡಿದ ಚರಂಡಿಯಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ.”

ಅಂಥ ಚಪ್ಪಾಳೆಯನ್ನು ನಾನು ಮತ್ತೆ ಕೇಳಿಲ್ಲ. ಅದಕ್ಕೆ ಮುಖ್ಯ ಅತಿಥಿಗಳಿಗೆ ಎಚ್ಚರವಾಯಿತು. ತಮ್ಮ ಭಾಷಣದಲ್ಲಿ ಅವರು, ಇಂಥ ಚರಂಡಿ ತಾಲ್ಲೂಕಿನ ಪ್ರತಿ ಹಳ್ಳಿಯಲ್ಲೂ ಆಗಬೇಕು ಎಂದು ಕರೆ ಕೊಟ್ಟರು.

ಇಷ್ಟು ಹೇಳಿ ಮುಗಿಸಿದಾಗ ಹುಡುಗಿ ನಕ್ಕಳು, ಆಮೇಲೆ ನಗಲಿಲ್ಲ. ಬರುವ ಮುಂಚೆ ಅವರ ಟೀಚರು ಒಂದು ಭಾಷಣ ಓದಿಸಿದ್ದರಂತೆ. 1968ರಲ್ಲಿ ಮೆಕ್ಸಿಕೋದ ಕ್ವೆರ್ನಾವಾಕದಲ್ಲಿ ಇವಾನ್ ಇಲಿಚ್ ಅನ್ನುವ ಪಾದ್ರಿ, ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಆಡಿದ್ದು. ನೋಡಲು ಬನ್ನಿ, ಬೆಟ್ಟ ಹತ್ತಿ, ಕಲಿಯಿರಿ, ಉಪಕಾರ ಮಾಡಲು ಮಾತ್ರ ಬರಬೇಡಿ ಎಂಬುದು ಅದರ ಸಾರ. ಕರೆಸಿದವರ ಎದುರಿಗೇ ಹಾಗೆ ಬೈದನಂತೆ. “ಓದಿ ಆದ್ಮೇಲೂ ಬಂದ್ವಿ ಮಾಮ,” ಅಂದಳು. ಆಮೇಲೆ, “ನಿನ್ನ ಊರಿಗೆ ಹೋಗೋಣ. ನೀರು ಈಗ ಯಾವ ಕಡೆ ಹೋಗುತ್ತೆ ನೋಡ್ಬೇಕು.”

ಬೆಳಿಗ್ಗೆ ಮೊದಲು ಕ್ಯಾತ್ಸಂದ್ರ. ತಟ್ಟೆ ಇಡ್ಲಿ ತಿಂದು ಸಿದ್ಧಗಂಗೆಗೆ ಹೋದೆವು. 2019ರ ಜನವರಿಯಲ್ಲಿ, 111ನೆಯ ವಯಸ್ಸಿನಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಗದ್ದುಗೆಗೆ ಕೈಮುಗಿದು ಬರುವಾಗ, ಸಾಲಾಗಿ ತಟ್ಟೆ ಹಿಡಿದು ಹೊರಟ ಮಕ್ಕಳನ್ನು ನೋಡಿ ನಿಂತಳು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಅಂತ ವಿವರಿಸಿದೆ. ಈ ಅಡಿಗೆ ಮಾಡೋರಿಗೆ ಸರ್ವಿಸ್ ಅವರ್ಸ್ ಹೇಗೆ ಲೆಕ್ಕ ಹಾಕ್ತಾರೆ ಅಂತ ಕೇಳಿದಳು. ಇಲ್ಲಿ ಲೆಕ್ಕ ಅಕ್ಕಿ ರಾಗಿಗೆ ಮಾತ್ರ ಅಂದೆ.

ಗುಬ್ಬಿ ದಾಟಿ ಬಿದರೆಹಳ್ಳ ಕಾವಲಿನ ಕಡೆ ಕೈ ತೋರಿಸಿ, ಅಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯಾಗಿದೆ, 2023ರಲ್ಲಿ ಶುರುವಾಯಿತು ಅಂದೆ. ಅವಳು ಏನೂ ಅನ್ನಲಿಲ್ಲ. ಹೆಲಿಕಾಪ್ಟರನ್ನೇ ಮೇಲಕ್ಕೆ ಕಳಿಸುವ ತಾಲ್ಲೂಕಿನಲ್ಲಿ ಅರವತ್ತು ಅಡಿ ನೀರನ್ನು ಕೆಳಕ್ಕೆ ಕಳಿಸಲಾಗದವನು ಕಾರು ಓಡಿಸುತ್ತಿದ್ದಾನೆ ಎಂದು ನಾನೇ ಅಂದುಕೊಂಡೆ.

ಊರಿನಲ್ಲಿ ಚರಂಡಿ ಇರಲಿಲ್ಲ. ಅದರ ಮೇಲೆ ಸಿಮೆಂಟು ರಸ್ತೆ ಬಂದಿತ್ತು. ಬೋರಿಂಗ್ ಕಟ್ಟೆಯಲ್ಲಿ ಯಾರೋ ಬೈಕು ನಿಲ್ಲಿಸಿದ್ದರು. ಚಪ್ಪಲಿ ಎಣಿಸಿದ ಹಿರಿಯರು ತೀರಿಕೊಂಡು ಬಹಳ ವರ್ಷವಾಯಿತಂತೆ. ಅಡಿಗೆ ಮಾಡಿದ ಹೆಂಗಸು ಇದ್ದಳು. ಅಜ್ಜಿಯಾಗಿದ್ದಳು. ಅದೇ ಜಗಲಿ. ನಾನು ತುಮಕೂರಿನ ಕಾಲೇಜು, ಎನ್ನೆಸ್ಸೆಸ್ಸು, ನಾಟಕ, ಮೇಕೆ ಎಲ್ಲ ನೆನಪಿಸಿದೆ. ಅಜ್ಜಿಗೆ ಯಾವುದೂ ನೆನಪಿರಲಿಲ್ಲ. ಬಾಗಿಲಿಗೆ ನೀರು ನುಗ್ಗಿದ್ದೂ ನೆನಪಿಲ್ಲ. ನನಗೆ ಒಳಗೊಳಗೇ ಸಮಾಧಾನ.

“ಕಾಲೇಜು ಹುಡುಗ್ರು...” ಅಂತ ಅಜ್ಜಿ ರಾಗ ಎಳೆಯಿತು. “ಓ, ಸೌಟು ಕಳೆದವರಾ?”

ಮಾರಮ್ಮನ ಗುಡಿಯ ಪಾತ್ರೆಗಳನ್ನು ನಮ್ಮ ಅಡಿಗೆಗೆ ಆಕೆಯ ಜವಾಬ್ದಾರಿಯ ಮೇಲೆ ಕೊಟ್ಟಿದ್ದರಂತೆ. ನಾವು ಲಾರಿ ಹತ್ತಿ ಜೈಕಾರ ಹಾಕಿಕೊಂಡು ಹೋದ ಸಂಜೆ ಎಣಿಸಿದರೆ ದೊಡ್ಡ ಹಿತ್ತಾಳೆ ಸೌಟು ಒಂದು ಇಲ್ಲ. “ನಾನೇ ತಿಂದ್ನಾ ಅದನ್ನ? ನಲವತ್ತು ರೂಪಾಯಿ ಕಟ್ಟಿಸ್ಕೊಂಡ್ರು. ರೊಕ್ಕ ಹೋಗ್ಲಿ, ಜಾತ್ರೆ ಬಂದಾಗೆಲ್ಲ ಒಂದು ಮಾತು. ನಮ್ಮತ್ತೆ ಸಾಯೋಗಂಟ ಅಂದ್ಲು. ಅದರ ಮ್ಯಾಲೆ ದೇವಸ್ಥಾನದ ಹೆಸರೂ ಇತ್ತು ಕಣಪ್ಪ, ಮಾ.ದೇ. ಅಂತ.”

ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಕನ್ನಡ ಅರ್ಧಂಬರ್ಧ ಬರುತ್ತದೆ ಅಂದುಕೊಂಡಿದ್ದೆ. ಬೇಕಾದ ಅರ್ಧ ಬರುತ್ತಿತ್ತು.

ಕದ್ದದ್ದಲ್ಲ, ಆಣೆ ಮಾಡುತ್ತೇನೆ. ಕೊನೆಯ ರಾತ್ರಿ ಬಾಂಡ್ಲಿಯನ್ನು ತಮಟೆ ಮಾಡಿಕೊಂಡು ಆ ಸೌಟಿನಲ್ಲಿ ಬಾರಿಸುತ್ತಿದ್ದವನು ನಾನು. ಬಾರಿಸುತ್ತಾ ನಿದ್ದೆ ಹೋದೆ. ಬೆಳಿಗ್ಗೆ ಜಮಖಾನ ಸುತ್ತಿದಾಗ ಅದೂ ಸುತ್ತಿಕೊಂಡಿತ್ತು. ತುಮಕೂರಿನ ಮನೆಯಲ್ಲಿ ಅಮ್ಮ ಕೊಡವಿದಾಗ ಠಣ್ಣನೆ ಬಿತ್ತು. “ಇದೇನೋ?” ಅಂದಳು. ವಾಪಸ್ ಕೊಡಲು ಹೋದರೆ ಚಪ್ಪಲಿ ಲೆಕ್ಕ ಮತ್ತೆ ಶುರುವಾಗುತ್ತದೆಂಬ ಭಯ. “ಪ್ರೈಜು,” ಅಂದೆ. ಮಾ.ದೇ. ಅಂದರೇನು ಅಂತಲೂ ಕೇಳಿದಳು. ಅದಕ್ಕೆ ಮಾತ್ರ ಅರ್ಧ ನಿಮಿಷ ಹಿಡಿಯಿತು.

ಅಜ್ಜಿಯ ಮುಂದೆ ಬಾಯಿ ಬಿಡಲಿಲ್ಲ. ಐನೂರರ ಒಂದು ನೋಟು ಕೈಗಿಟ್ಟೆ. ಯಾಕಪ್ಪಾ ಅಂದಳು. ಸುಮ್ಮನೆ ಅಂದೆ. ಬೇಡ ಅಂತ ಅದನ್ನು ಹುಡುಗಿಯ ಕೈಗೇ ತುರುಕಿ, ತಲೆ ನೇವರಿಸಿ, ಎಳನೀರು ಕೆತ್ತಿಸಿ ಕೊಟ್ಟಳು. ಏಳು ದಿನ, ಐವತ್ತು ಜನ, ಎರಡು ಹೊತ್ತು ಬೇಯಿಸಿ ಹಾಕಿದವಳು. ಎಂಟು ಜನ ಅನಿಸಿಕೆ ಹೇಳಿದ ಆ ಸಭೆಯಲ್ಲಿ ಆಕೆ ಎಲ್ಲಿದ್ದಳು? ಪಾತ್ರೆ ತೊಳೆಯುತ್ತಿದ್ದಳೇನೋ.

ಕುಣಿಗಲ್ ಮಾರ್ಗವಾಗಿ ವಾಪಸಾದೆವು. ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿ, ಈ ಕೆರೆಯ ಮೇಲೆ ನಾಡಿಗೆಲ್ಲ ಗೊತ್ತಿರುವ ಹಾಡಿದೆ, ಇಲ್ಲಿಯ ಕುದುರೆ ಫಾರಂ ಟಿಪ್ಪುವಿನ ಕಾಲದ್ದು ಅಂತ ಏನೇನೋ ಹೇಳಿದೆ. ಅವಳು ನೀರು ನೋಡುತ್ತಾ, “ಅತ್ತೆಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?” ಅಂದಳು.

ನಾನೇ ಹೇಳಿದೆ. ಹೆಂಡತಿ ಸೌಟನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ದೇವರ ಮನೆಯ ಬಾಗಿಲಲ್ಲಿಟ್ಟಳು. ದೇವಸ್ಥಾನದ್ದು ಅಂತ ಗೊತ್ತಾದ ಮೇಲೆ ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು ಅಂದಳು. ಆದರೆ ಬರುವ ಭಾನುವಾರ ಅವಳ ತವರಿನ ಹದಿನೈದು ಜನ ಊಟಕ್ಕೆ ಬರುವವರಿದ್ದರು. ಅದು ಮುಗಿಯಲಿ ಅಂದಳು. ಆಮೇಲೆ ಆಷಾಢ ಅಂದಳು. ಆಮೇಲೆ ವರಮಹಾಲಕ್ಷ್ಮಿ, ಗೌರಿ ಹಬ್ಬ.

ಹುಡುಗಿಯ ಪ್ರಬಂಧ ಮುಗಿದಿದೆಯಂತೆ. ಸರಿಯಾಗಿ 650 ಪದ. ಓದಿಸು ಅಂದರೆ ಓದಿಸುತ್ತಿಲ್ಲ. ಕೊನೆಯ ಸಾಲು ಮಾತ್ರ ಖಾಲಿ ಬಿಟ್ಟಿದ್ದೀನಿ ಅನ್ನುತ್ತಾಳೆ. ವಾರಕ್ಕೊಮ್ಮೆ, ಅವಳಿಗೆ ಬೆಳಿಗ್ಗೆ ನಮಗೆ ಸಂಜೆ, ಫೋನು ಬರುತ್ತದೆ.

“ಮಾಮ, ಸೌಟು ಕೊಟ್ಯಾ?”

“ಈ ಭಾನುವಾರ ಕಣೆ,” ಅನ್ನುತ್ತೇನೆ.