ಪ್ರಕೃತಿಯೇ ಕಚೇರಿಯಾದರೆ ಕ್ಯಾಷಿಯರ್ ಯಾರು, ಸಾಹೇಬರೇ?

ಇವರಿಗೆ,
‘ಪರಿಸರ ಕ್ಷೇತ್ರದಲ್ಲಿ ಉಜ್ವಲ ವೃತ್ತಿ ಅವಕಾಶಗಳು’ ಎಂಬ ಉಪನ್ಯಾಸ ನೀಡಿ, ಶಾಲು ಹೊದ್ದು, ಕಾರು ಹತ್ತಿ ಹೋದ ಸಂಪನ್ಮೂಲ ವ್ಯಕ್ತಿಗಳಿಗೆ.

ವಿಷಯ: ಮಕ್ಕಳಿಗೆ ಗುಡ್ಡ ತೋರಿಸಿದ ಬಾಬ್ತು ಬರಬೇಕಾದ ರೊಕ್ಕದ ಕುರಿತು.

ಮಾನ್ಯರೇ,

ಇಟಗಿ ಬಸ್ಸಿಗಾಗಿ ಕುಕನೂರಿನಲ್ಲಿ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಬಸ್ಸು ತಡ, ಹೀಗಾಗಿ ಪತ್ರ ಉದ್ದವಾದೀತು. ಬೆಳಿಗ್ಗೆಯಿಂದ ಜಿಲ್ಲಾ ಕೇಂದ್ರದ ಒಂದು ಕಚೇರಿಯ ಬೆಂಚಿನ ಮೇಲೆ ಕೂತು ಬಂದಿದ್ದೇನೆ. ಹೋದ ಚಳಿಗಾಲ ಶಾಲೆ ಮಕ್ಕಳ ನಿಸರ್ಗ ಶಿಬಿರದಲ್ಲಿ ಮಕ್ಕಳನ್ನು ಗುಡ್ಡ ಹತ್ತಿಸಿ, ಹೆಜ್ಜೆ ಗುರುತು ತೋರಿಸಿ, ಬಿಸಿಲಿಗೆ ತಲೆ ತಿರುಗಿದವರನ್ನು ಹೆಗಲ ಮೇಲೆ ಹೊತ್ತು ಇಳಿಸಿದ ನನಗೆ ಏನೋ ಒಂದಿಷ್ಟು ಗೌರವಧನ ಕೊಡುತ್ತೇವೆ ಅಂದಿದ್ದರು. ಅದನ್ನು ಕೇಳಲು ಹೋಗಿದ್ದೆ. ಹತ್ತು ಗಂಟೆಗೆ ಗುಮಾಸ್ತರು, ‘ಸಾಹೇಬ್ರು ಸಸಿ ಹಚ್ಚೋ ಕಾರ್ಯಕ್ರಮಕ್ಕ ಹೋಗ್ಯಾರ್ರಿ’ ಅಂದರು. ಮಧ್ಯಾಹ್ನ, ‘ಅಲ್ಲೇ ಊಟ ಐತಂತರಿ’ ಅಂದರು. ನಾಲ್ಕು ಗಂಟೆಗೆ, ‘ಬಿಲ್ ಇನ್ನೂ ಟ್ರೆಜರಿಗೆ ಹೋಗಿಲ್ರಿ, ಅಲ್ಲೀತನಕ ಇದನ್ನ ಇಟ್ಕೋರಿ’ ಎಂದು ಒಂದು ಪ್ರಮಾಣಪತ್ರ ಕೊಟ್ಟರು. ಹೆಸರಿನ ಜಾಗ ಖಾಲಿ ಇತ್ತು. ‘ನೀವ ಬರ್ಕೋರಿ, ನಿಮ್ಮ ಅಕ್ಷರ ಚಲೋ ಅದಾವ’ ಅಂದರು. ಇಷ್ಟು ವರ್ಷದಲ್ಲಿ ಸರ್ಕಾರಿ ಕಚೇರಿಯೊಂದು ನನ್ನ ಅರ್ಹತೆ ಒಪ್ಪಿಕೊಂಡದ್ದು ಇದೇ ಮೊದಲು.

ಪ್ರಮಾಣಪತ್ರದ ಮೇಲೆ ಹುಲಿಯ ಚಿತ್ರ ಇದೆ. ಹಿಂದೆ ಸಿಕ್ಕವುಗಳ ಮೇಲೂ ಹುಲಿಯೇ, ಒಂದರ ಮೇಲೆ ಮಾತ್ರ ಆನೆ ಮತ್ತು ಜಲಪಾತ. ಕೊಪ್ಪಳ ಜಿಲ್ಲೆಯಲ್ಲಿ ಹುಲಿಯಿಲ್ಲ, ಆನೆಯಿಲ್ಲ. ಜಲಪಾತ ನೋಡಬೇಕೆಂದರೆ ಮೊದಲು ಮಳೆ ಬರಬೇಕು. ನಮ್ಮಲ್ಲಿರುವುದು ತೋಳ, ಚಿಗರಿ ಅಂದರೆ ಕೃಷ್ಣಮೃಗ, ಕತ್ತೆಕಿರುಬ, ನರಿ, ಕರಡಿ, ಚಿರತೆ, ಹೊಳೆಯಲ್ಲಿ ನೀರುನಾಯಿ. ಇವುಗಳ ಫೋಟೊ ಇರುವ ಪ್ರಮಾಣಪತ್ರವನ್ನು ಯಾವ ಪ್ರೆಸ್ಸಿನವರೂ ಇನ್ನೂ ಹಾಕಿಲ್ಲ.

ನೀವು ಉಪನ್ಯಾಸದಲ್ಲಿ ಹೇಳಿದ್ದೆಲ್ಲ ನೆನಪಿದೆ. ‘ನಾಲ್ಕು ಗೋಡೆಯೊಳಗೆ ಕೂರುವ ಕೆಲಸ ಯಾಕೆ? ಪ್ರಕೃತಿಯೇ ನಿಮ್ಮ ಕಚೇರಿ!’ ಅಂದಿರಿ. ಹುಡುಗರು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಇವತ್ತು ಬೆಂಚಿನ ಮೇಲೆ ಕೂತಾಗ ಒಂದು ಪ್ರಶ್ನೆ ಹುಟ್ಟಿತು: ಆ ಕಚೇರಿಯಲ್ಲಿ ಕ್ಯಾಷಿಯರ್ ಯಾರು? ಹಾಜರಿ ಪುಸ್ತಕ ಎಲ್ಲಿದೆ? ತಿಂಗಳ ಕೊನೆಗೆ ಯಾವ ಬನ್ನಿಗಿಡದ ಮುಂದೆ ಪಾಳಿ ಹಚ್ಚಬೇಕು?

ಮೊದಲು ಓದಿಕೊಳ್ಳಿ ಅಂದಿರಿ. ಸರಿ. ಅರಣ್ಯಶಾಸ್ತ್ರ ಓದಲು ಒಂದೋ ಶಿರಸಿಗೆ, ಇಲ್ಲಾ ಕೊಡಗಿನ ಪೊನ್ನಂಪೇಟೆಗೆ ಹೋಗಬೇಕು. ಎರಡೂ ಕಡೆ ಕಿಟಕಿ ತೆರೆದರೆ ಕಾಡು, ಬಾಗಿಲು ತೆರೆದರೆ ಜಿಗಣೆ. ಎರಿಹೊಲದ ಬಯಲಿನಲ್ಲಿ ಬದುಕುವ ಪ್ರಾಣಿಯ ಬಗ್ಗೆ ಕಲಿಯಲು ಮಳೆಕಾಡಿಗೆ ಹೋಗಬೇಕು. ವನ್ಯಜೀವಿ ಸಂಸ್ಥೆ ಡೆಹ್ರಾಡೂನ್‌ನಲ್ಲಿದೆ, 1982ರಿಂದ. ಬೆಂಗಳೂರಿನಲ್ಲಿ ವನ್ಯಜೀವಿಶಾಸ್ತ್ರದ ಎಂ.ಎಸ್ಸಿ. ಇದೆ, ಆದರೆ ಬೆರಳೆಣಿಕೆಯ ಸೀಟು, ಇಡೀ ದೇಶದ ಪೈಪೋಟಿ, ಪರೀಕ್ಷೆ ಇಂಗ್ಲಿಷಿನಲ್ಲಿ. ನಮ್ಮೂರ ಪಕ್ಕದ ತಳಕಲ್ಲಿನಲ್ಲೇ ಕೊಪ್ಪಳ ವಿಶ್ವವಿದ್ಯಾಲಯ ಬಂತು, 2023ರಲ್ಲಿ ಶುರುವಾಯಿತು. ಇಲ್ಲಾದರೂ ಬಯಲುಸೀಮೆಯ ಪರಿಸರದ ಒಂದು ಕೋರ್ಸು ಬಂದೀತು ಎಂದು ಆಸೆಪಟ್ಟೆವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಅಂದಿತು. ಪಟ್ಟಿಯಲ್ಲಿ ನಮ್ಮದೂ ಇತ್ತು. ಅಳಿವಿನಂಚಿನ ಪ್ರಭೇದಗಳ ಅಧ್ಯಯನಕ್ಕೆ ಅಳಿವಿನಂಚಿನ ವಿಶ್ವವಿದ್ಯಾಲಯವೇ ಯೋಗ್ಯ ಎಂದು ನಿಮಗೆ ಅನಿಸಿರಬಹುದು.

ಮೇಷ್ಟ್ರಾಗಿ, ಪರಿಸರ ಶಿಕ್ಷಣದಲ್ಲಿ ಬೇಕಾದಷ್ಟು ಅವಕಾಶ ಇದೆ ಅಂದಿರಿ. ಇದಂತೂ ನನಗೆ ಬಹಳ ಹಿಡಿಸಿತು. ಎಂ.ಸಿ. ಮೆಹ್ತಾ ಹಾಕಿದ ದಾವೆಯಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಿ ಎಂದು ಹೇಳಿದ್ದು 1991ರಲ್ಲಿ. ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು 2003ರಲ್ಲಿ ಮತ್ತೆ ಗದರಿತು. ಈಗ ಪದವಿ ಓದುವ ಪ್ರತಿ ಹುಡುಗನಿಗೂ ಹುಡುಗಿಗೂ ಪರಿಸರ ಅಧ್ಯಯನ ಇದೆ. ವಿಷಯ ಕಡ್ಡಾಯ, ಪರೀಕ್ಷೆ ಕಡ್ಡಾಯ, ಮೇಷ್ಟ್ರು ಮಾತ್ರ ಐಚ್ಛಿಕ. ಯಾರಿಗೆ ಕಾರ್ಯಭಾರ ಕಡಿಮೆ ಬಿದ್ದಿದೆಯೋ ಅವರ ತಲೆಗೆ ಈ ಪೇಪರು. ನಾನು ಬಲ್ಲ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದವರು ಪರಿಸರ ಕಲಿಸುತ್ತಾರೆ. ಒಳ್ಳೆಯ ಮನುಷ್ಯ. ಆಹಾರ ಸರಪಳಿಯನ್ನು ಜಮಾ-ಖರ್ಚಿನ ಹಾಗೆ ಬರೆಸುತ್ತಾರೆ, ತೋಳ ಖರ್ಚಿನ ಕಡೆ.

2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಶುರುವಾದಾಗಿನಿಂದ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳಿವೆ. ಒಂದು ಶಾಲೆಗೆ ವರ್ಷಕ್ಕೆ ಸಿಕ್ಕದ್ದು ಕೆಲವೇ ಸಾವಿರ ರೂಪಾಯಿ. ಒಂದು ಬ್ಯಾನರ್, ಒಂದು ಜಾಥಾ, ಮಕ್ಕಳಿಗೆ ಬಿಸ್ಕಿಟು, ಅಲ್ಲಿಗೆ ವರ್ಷ ಮುಗಿಯಿತು. ಇದರಲ್ಲಿ ಯಾರ ವೃತ್ತಿ ಬೆಳೆಯಬೇಕು? ಬ್ಯಾನರ್ ಪ್ರಿಂಟ್ ಮಾಡುವವನದು ಬೆಳೆದಿದೆ. ಉಜ್ವಲ ಅವಕಾಶ ಅಂದರೆ ಅವನದೇ. ಜೂನ್ ಐದು, ವನಮಹೋತ್ಸವ, ವನ್ಯಜೀವಿ ಸಪ್ತಾಹ, ಮೂರೂ ಸೀಸನ್ನು.

ಇಲಾಖೆಗೇ ಸೇರಿ ಅಂದಿರಿ. 2023ರಲ್ಲಿ ಅರಣ್ಯ ಇಲಾಖೆ 540 ಅರಣ್ಯ ವೀಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಎಸ್ಸೆಸ್ಸೆಲ್ಸಿ ಆಗಿರಬೇಕು, ಅದರ ಅಂಕ ನೋಡುತ್ತಾರೆ, ಆಮೇಲೆ ಓಡಿಸಿ, ಜಿಗಿಸಿ ನೋಡುತ್ತಾರೆ. ತೋಳದ ಹೆಜ್ಜೆ ಯಾವುದು, ನಾಯಿಯದು ಯಾವುದು ಎಂದು ಕೇಳುವುದಿಲ್ಲ. ನಮ್ಮೂರ ಕಡೆ ಕುರಿ ಹಿಂಡು ಹೊಡೆದುಕೊಂಡು ಹೋಗುವ ಒಬ್ಬ ಅಜ್ಜ ಇದ್ದಾನೆ. ಕತ್ತಲಲ್ಲಿ ಕೂಗು ಕೇಳಿ, ‘ಇದು ಮರಿ ಹಾಕಿದ ಹೆಣ್ಣು ತ್ವಾಳ, ಈ ಸಲ ಹಟ್ಟಿ ಆ ಕಡೆ ಹಾಕೂದು ಬ್ಯಾಡ’ ಅನ್ನುತ್ತಾನೆ. ಅವನು ಮೂರನೇ ಇಯತ್ತೆ. ಅವನಿಗೆ ಹುದ್ದೆ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೈದು ತೆಗೆದು, ತೋಳವನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದವನಿಗೆ ಇದೆ. ಪಿಎಚ್.ಡಿ. ಮಾಡುವವರು ಬೆಂಗಳೂರಿನಿಂದ ಬಂದು ಆ ಅಜ್ಜನ ಹಿಂದೆಯೇ ತಿರುಗಿ, ಬರೆದುಕೊಂಡು ಹೋಗುತ್ತಾರೆ. ಪ್ರಬಂಧದ ಕೊನೆಯಲ್ಲಿ ‘ಸ್ಥಳೀಯರಿಗೆ ಕೃತಜ್ಞತೆಗಳು’ ಎಂದು ಒಂದು ಸಾಲು. ಅಜ್ಜನ ಮಟ್ಟಿಗೆ ಅದೂ ಪ್ರಮಾಣಪತ್ರವೇ, ಹುಲಿಯ ಚಿತ್ರವೊಂದು ಇಲ್ಲ ಅಷ್ಟೆ.

ತೋಳದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ತೋಳಕ್ಕೆಂದೇ ಮೀಸಲಾದ ಧಾಮ ದೇಶದಲ್ಲಿ ಮೊದಲು ಆದದ್ದು ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ, 1976ರಲ್ಲಿ. ಅದರ ನಂತರದ ಹೆಮ್ಮೆ ನಮ್ಮ ಗಂಗಾವತಿ ತಾಲೂಕಿನ ಬಂಕಾಪುರದ್ದು, ಸುಮಾರು 332 ಹೆಕ್ಟೇರು. ಅಲ್ಲಿ ಒಂದು ತೋಳ ಎಂಟು ಮರಿ ಹಾಕಿತು ಎಂದು ಪತ್ರಿಕೆಗಳೆಲ್ಲ ಬರೆದವು. ಹೊಳೆಯ ಕಡೆ ಹೋದರೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಕುಕನೂರು, ಯಲಬುರ್ಗಾದ ಹೊಲಗಳಲ್ಲಿ ಚಿಗರಿಗಳ ಹಿಂಡು. ತೋಳ, ಚಿಗರಿ ಎರಡೂ ವನ್ಯಜೀವಿ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿವೆ, ಹುಲಿಗೆ ಇರುವಷ್ಟೇ ಕಾನೂನಿನ ಕಾವಲು. ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಇವನ್ನು ತೋರಿಸಿ ಕಲಿಸುವ ಒಬ್ಬನೇ ಒಬ್ಬ ಪಗಾರದ ಮನುಷ್ಯ ನನಗೆ ಈತನಕ ಎದುರಾಗಿಲ್ಲ.

ಯಾಕೆ ಅಂತ ಗೊತ್ತೇ? ತೋಳ ಇರುವ ಜಾಗವನ್ನು ಕೇಂದ್ರ ಸರ್ಕಾರದ ಪಾಳುಭೂಮಿ ಅಟ್ಲಾಸಿನಲ್ಲಿ ಪಾಳು ಎಂದು ಬಣ್ಣ ಹಚ್ಚಿದ್ದಾರೆ. ಕುರುಚಲು ಕಂಟಿ, ಹುಲ್ಲು, ಕಲ್ಲು ಇದ್ದರೆ ಅದು ಕೆಲಸಕ್ಕೆ ಬಾರದ ನೆಲ. ಅಂಥ ನೆಲ ಕಂಡರೆ ಸಾಹೇಬರಿಗೆ ಸಸಿ ಹಚ್ಚುವ ಹುಮ್ಮಸ್ಸು ಬರುತ್ತದೆ. ಗಿಡ ಬೆಳೆದರೆ ಚಿಗರಿಗೆ ಓಡಲು ಬಯಲಿಲ್ಲ, ತೋಳಕ್ಕೆ ಗುದ್ದು ತೋಡಲು ಜಾಗವಿಲ್ಲ. ಆ ಚಿಗರಿ ಎಲ್ಲಿಗೆ ಹೋಗಬೇಕು? ರೈತನ ಕಡಲೆಗೆ ಹೋಗುತ್ತದೆ. ನಾನು ಇವತ್ತು ದಿನವಿಡೀ ಬೆಂಚಿನ ಮೇಲೆ ಕಾದದ್ದು, ತೋಳದ ಮನೆಯ ಮೇಲೆ ಸಾಹೇಬರು ಸಸಿ ಹಚ್ಚಿ, ಫೋಟೊ ಹೊಡೆಸಿಕೊಂಡು, ಅಲ್ಲೇ ಊಟ ಮಾಡಿ ಬರಲಿ ಅಂತ! ಅವರಿಗೆ ಟಿ.ಎ. ಇದೆ, ಡಿ.ಎ. ಇದೆ. ನನಗೆ ‘ನೀವ ಬರ್ಕೋರಿ’.

ಚಿಗರಿಯನ್ನು ಉಳಿಸಿ ಎಂದು ರೈತರಿಗೆ ಹೇಳುವ ಕೆಲಸವೂ ನನ್ನದೇ. ರಾತ್ರಿಯೆಲ್ಲ ಹೊಲದಲ್ಲಿ ಬ್ಯಾಟರಿ ಹಿಡಿದು ಚಿಗರಿ ಕಾಯ್ದ ಮನುಷ್ಯನ ಮುಂದೆ ನಿಂತು, ‘ಕೃಷ್ಣಮೃಗ ನಮ್ಮ ಹೆಮ್ಮೆ’ ಎನ್ನಬೇಕು. ಅವನು ಬೈಯುತ್ತಾನೆ, ಬೈಯಲಿ, ಅವನ ಬೆಳೆ ಹೋಗಿದೆ. ಜಿಂಕೆವನ ಮಾಡಿ ಎಂದು ಕೇಳಿ ಕೇಳಿ ಅವನ ಗಂಟಲು ಒಣಗಿದೆ. ಕೊನೆಗೆ ಅವನು ಒಂದು ಮಾತು ಕೇಳುತ್ತಾನೆ: ‘ತಮ್ಮಾ, ಇಷ್ಟು ಹೇಳಾಕ ನಿನಗೇನ್ ಪಗಾರ ಕೊಡ್ತಾರ?’ ಉತ್ತರ ಏನು ಹೇಳಲಿ? ಪುಗಸಟ್ಟೆ ಹೇಳುವವನ ಮಾತಿಗೆ ಪುಗಸಟ್ಟೆಯಷ್ಟೇ ಕಿಮ್ಮತ್ತು ಎಂಬುದು ಅವನಿಗೆ ಗೊತ್ತು.

ಸಾಹೇಬರೇ, ಗಿಣಿಗೇರಿಯ ಕಡೆ ಹೋಗಿ ನೋಡಿ. ಕಾರ್ಖಾನೆಗಳ ಕಪ್ಪು ಧೂಳು ಮನೆ ಮಾಳಿಗೆ ಮೇಲೆ, ಬೆಳೆಯ ಮೇಲೆ, ಉಣ್ಣುವ ರೊಟ್ಟಿಯ ಮೇಲೆ. ಆದರೆ ಅಲ್ಲಿ ದುಡಿಯುವ ಹುಡುಗನಿಗೆ ತಿಂಗಳಾದರೆ ಬ್ಯಾಂಕಿಗೆ ಪಗಾರ ಬೀಳುತ್ತದೆ. ಅವನಿಗೆ ಹೆಣ್ಣು ಕೊಡುತ್ತಾರೆ. ಗಾಳಿ ಕೆಡಿಸುವಲ್ಲಿ ಪಗಾರ, ಗಾಳಿ ಕಾಯುವಲ್ಲಿ ಪ್ರಮಾಣಪತ್ರ. ಈ ಜಿಲ್ಲೆಯ ಹುಡುಗರು ಯಾವುದನ್ನು ಆರಿಸಬೇಕು ಎನ್ನುವುದಕ್ಕೆ ನಿಮ್ಮ ಉಪನ್ಯಾಸ ಬೇಕಾಗಿಲ್ಲ.

ನಿಜವಾದ ಪರಿಸರ ಪಾಠ ನಮ್ಮ ಜನಕ್ಕೆ ಬೇರೆ ಕಡೆ ಸಿಕ್ಕಿದೆ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು, ಜಾಲಿ ತೆಗೆಸಿದಾಗ ಹಳ್ಳಿ ಹಳ್ಳಿಯವರು ಬಂದು ದುಡಿದರು. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆ ಬೇಡ ಎಂದು ಕೊಪ್ಪಳ ಬಂದ್ ಆದಾಗ ಸಾವಿರಾರು ಜನ ಬೀದಿಗೆ ಇಳಿದರು. ಅಲ್ಲಿ ಯಾರೂ ಪ್ರಮಾಣಪತ್ರ ಹಂಚಲಿಲ್ಲ. ಆದರೆ ಹಳ್ಳವನ್ನು ವರ್ಷವಿಡೀ ನೋಡಿಕೊಳ್ಳುವುದು, ನೀರು ಅಳೆಯುವುದು, ಗಾಳಿಯ ಲೆಕ್ಕ ಇಡುವುದು, ಮಕ್ಕಳನ್ನು ಕರೆದೊಯ್ದು ತೋರಿಸುವುದು ಒಂದು ದಿನದ ಬಂದ್‌ನಿಂದ ಆಗುವಂಥದ್ದಲ್ಲ. ಅದು ದಿನನಿತ್ಯದ ದುಡಿಮೆ. ದುಡಿಮೆಗೆ ಕೂಲಿ ಇರುತ್ತದೆ. ಇಷ್ಟು ಸರಳ.

ಹಾಗೆಂದು ಕೆಲಸವೇ ಇಲ್ಲ ಎಂದಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿ, ಔಷಧಿ ಎಲ್ಲದರ ದಾಖಲಾತಿ ಇರಬೇಕು. ದೇಶದ ಪಂಚಾಯಿತಿಗಳು ನಿದ್ದೆ ಮಾಡಿದ್ದರಿಂದ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿತು, ತಪ್ಪಿದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಿತು. ದಂಡ ಕಟ್ಟಲು ಲಕ್ಷಗಳ ಲೆಕ್ಕ ಇದೆ. ಆ ದಾಖಲಾತಿಯನ್ನು ಊರಲ್ಲೇ ಕೂತು, ಹೊಲ ತಿರುಗಿ, ಮುದುಕರನ್ನು ಕೇಳಿ, ವರ್ಷ ವರ್ಷ ತಿದ್ದುವ ಒಬ್ಬ ಹುಡುಗನಿಗೋ ಹುಡುಗಿಗೋ ಸಂಬಳ ಕೊಡಲು ಬಜೆಟ್ಟಿನಲ್ಲಿ ಲೆಕ್ಕಶೀರ್ಷಿಕೆಯೇ ಇಲ್ಲ. ಪಂಚಾಯಿತಿಯ ಗ್ರಂಥಾಲಯಕ್ಕೆ ಒಬ್ಬ ಮೇಲ್ವಿಚಾರಕರಿದ್ದಾರೆ, ನೀರು ಬಿಡಲು ನೀರಗಂಟಿ ಇದ್ದಾರೆ. ಊರಿನ ನೆಲ ಬಲ್ಲವನಿಗೆ ಒಂದು ಹುದ್ದೆ ಹುಟ್ಟಿಸಿದರೆ ಏನು ಆಕಾಶ ಕಳಚಿ ಬೀಳುತ್ತದೆಯೇ?

ನಮ್ಮೂರು ಇಟಗಿಯ ಮಹಾದೇವ ಗುಡಿಯನ್ನು ನೋಡಲು ಬಂದಾಗ ನೀವೇ ಬೆರಗಾದಿರಿ. ದಂಡನಾಯಕ ಮಹಾದೇವ ಅದನ್ನು 1112ರಲ್ಲಿ ಕಟ್ಟಿಸಿದ, ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ ಎಂದು ಕರೆಸಿಕೊಂಡ ಗುಡಿ ಅದು. ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರನ್ನು ಕೇಳಿ: ಪಾಠ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ ಇಷ್ಟು ಮತ್ತರು ಭೂಮಿ ಎಂದು ಕಲ್ಲಿನಲ್ಲಿ ಕೆತ್ತಿ ಕೊಟ್ಟಿದ್ದಾರೆ. ಒಂಬೈನೂರು ವರ್ಷದ ಹಿಂದಿನವರಿಗೆ ಗೊತ್ತಿತ್ತು, ಕಲಿಸುವವನಿಗೂ ಹೊಟ್ಟೆ ಇರುತ್ತದೆ ಅಂತ. ಯಾರ ಕೈಗೂ ಹುಲಿಯ ಚಿತ್ರದ ಕಲ್ಲು ಕೊಟ್ಟು, ‘ಹೆಸರು ನೀವ ಕೆತ್ಕೋರಿ’ ಎಂದು ಕಳಿಸಲಿಲ್ಲ.

‘ಮೊದಲು ಸ್ವಯಂಸೇವೆ ಮಾಡಿ, ಅನುಭವ ಬರುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ’ ಅಂದಿದ್ದಿರಿ. ಯಾರಿಗೆ ತೆರೆಯುತ್ತದೆ? ಅಪ್ಪನ ಪಗಾರದಲ್ಲಿ ಎರಡು ವರ್ಷ ದುರ್ಬೀನು ಹಿಡಿದು ತಿರುಗುವ ಶಕ್ತಿ ಇದ್ದವರಿಗೆ. ನಮ್ಮಲ್ಲಿ ಮಳೆ ಕೈಕೊಟ್ಟರೆ ಮನೆಮಂದಿಯೆಲ್ಲ ದುಡಿಯಲು ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತಾರೆ. ಅಂಥ ಮನೆಯ ಹುಡುಗಿಗೆ ‘ಪುಕ್ಕಟೆ ಸೇವೆ ಮಾಡು’ ಎಂದರೆ ‘ನೀನು ಈ ಕಡೆ ಬರಬೇಡ’ ಎಂದೇ ಹೇಳಿದಂತೆ. ಹೀಗೆ ಬಡವರನ್ನು ಬಾಗಿಲಲ್ಲೇ ನಿಲ್ಲಿಸಿ, ಆಮೇಲೆ ‘ಹಳ್ಳಿಯವರಿಗೆ ಪರಿಸರದ ಬಗ್ಗೆ ಅರಿವಿಲ್ಲ’ ಎಂದು ವಿಚಾರ ಸಂಕಿರಣ ಮಾಡುತ್ತೀರಿ. ನಾಚಿಕೆ ಆಗಬೇಕು.

ವ್ಯಂಗ್ಯ ಮಾಡುತ್ತ ಶುರು ಮಾಡಿದ್ದೆ, ಸಿಟ್ಟಿಗೆ ಬಂದು ನಿಂತೆ. ಕ್ಷಮಿಸಿ ಎನ್ನುವುದಿಲ್ಲ. ಕೇಳುವುದು ಇಷ್ಟೇ. ಧಾಮ, ಸಂರಕ್ಷಿತ ಪ್ರದೇಶ ಎಂದು ಘೋಷಿಸುವ ಆದೇಶದಲ್ಲೇ ಅಲ್ಲಿ ಕಲಿಸುವ, ಕಾಯುವ ಸ್ಥಳೀಯರ ಹುದ್ದೆ ಮತ್ತು ಪಗಾರ ನಮೂದಾಗಲಿ. ಕುರಿಗಾಹಿಯ ತಿಳಿವಳಿಕೆಯನ್ನು ಅರ್ಹತೆ ಎಂದು ಲೆಕ್ಕಕ್ಕೆ ಹಿಡಿಯಲಿ. ಕಾಲೇಜಿನ ಪರಿಸರ ಪಾಠಕ್ಕೆ ಅದನ್ನೇ ಓದಿದವರನ್ನು ನೇಮಿಸಲಿ. ನಮ್ಮ ಬಯಲನ್ನು ಪಾಳು ಎನ್ನುವುದು ನಿಲ್ಲಲಿ.

ಇದನ್ನು ಓದುತ್ತಿರುವ ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾದ ತಮ್ಮ ತಂಗಿಯರಿಗೂ ಒಂದು ಮಾತು. ಈ ಕೆಲಸ ಚಲೋ ಐತಿ, ಬರ್ರಿ. ಆದರೆ ಯಾರಾದರೂ ಶಿಬಿರಕ್ಕೆ ಕರೆದರೆ, ಹೊರಡುವ ಮುಂಚೆ ಪಗಾರ ಎಷ್ಟು, ಯಾವ ತಾರೀಖಿಗೆ ಎಂದು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಹೋಗಬೇಡಿ. ನಾವೆಲ್ಲ ಒಟ್ಟಿಗೆ ಬರಲ್ಲ ಅಂದ ದಿನವೇ ಬಜೆಟ್ಟಿನಲ್ಲಿ ನಮ್ಮ ಪಗಾರದ ಲೆಕ್ಕಶೀರ್ಷಿಕೆ ಹುಟ್ಟುತ್ತದೆ.

ಇಂತಿ,
ನಿಮ್ಮ ಉಪನ್ಯಾಸಕ್ಕೆ ಚಪ್ಪಾಳೆ ಹೊಡೆದವರಲ್ಲೊಬ್ಬ
ಇಟಗಿ, ಕೊಪ್ಪಳ ಜಿಲ್ಲೆ