ನಾಲ್ಕು ತಾಲ್ಲೂಕುಗಳ ಘನಕೋನ ಮೀಮಾಂಸೆ

ಪ್ರಸ್ತುತ ಪ್ರಬಂಧವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ತಾಲ್ಲೂಕುಚತುಷ್ಟಯ-ಪರಿಸೀಮಿತ ಭೂಭಾಗದಲ್ಲಿ ಗೋಚರಿಸುವ, ಗೋಚರಿಸಬಹುದಾದ ಹಾಗೂ ಗೋಚರಿಸಬೇಕಾಗಿದ್ದ ಸಮಸ್ತ ಘನಕೋನಗಳನ್ನು ತಾತ್ತ್ವಿಕ ಚೌಕಟ್ಟಿನೊಳಗೆ ನೆಲೆಗೊಳಿಸುವ ಪ್ರಪ್ರಥಮ ಪ್ರಯತ್ನವಾಗಿರುತ್ತದೆ.

ವ್ಯಾಖ್ಯೆ: ಗೋಳೀಯಪೃಷ್ಠಖಂಡದ ಕ್ಷೇತ್ರಫಲವನ್ನು ತ್ರಿಜ್ಯವರ್ಗದಿಂದ ಭಾಗಿಸಲಾಗಿ ಲಭ್ಯವಾಗುವ, ಆಯಾಮರಹಿತವಾಗಿದ್ದೂ ಮಾನಸಹಿತವಾದ, ಶೃಂಗಾಧಿಷ್ಠಿತ ದಿಗ್ವ್ಯಾಪ್ತಿಯೇ ಘನಕೋನ.

ಈ ವ್ಯಾಖ್ಯೆಯನ್ನು ವಿಚಾರ ಸಂಕಿರಣವೊಂದರಲ್ಲಿ ಊಟಕ್ಕೆ ಮೊದಲು ಮೂರು ಸಲ ಓದಲಾಯಿತು. ಮೂರನೆಯ ಸಲಕ್ಕೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಅಂದ್ರೆ ಏನ್ ಸಾರ್?” ಎಂದ. ಅಧ್ಯಕ್ಷರು ಸಮಯಾಭಾವದ ಕಡೆಗೆ ಸಭೆಯ ಗಮನ ಸೆಳೆದರು.

ಹುಡುಗನಿಗೆ ಹೇಳಬೇಕಾಗಿದ್ದದ್ದು ಎರಡು ಮಾತು. ಎದುರಿಗಿರುವ ವಸ್ತು ನಿನ್ನ ಸುತ್ತಲ ನೋಟದಲ್ಲಿ ಎಷ್ಟು ಪಾಲನ್ನು ಮುಚ್ಚುತ್ತದೆ ಎಂಬ ಲೆಕ್ಕವೇ ಘನಕೋನ. ಕೈ ಚಾಚಿ ಕಿರುಬೆರಳು ಎತ್ತಿ ಹಿಡಿದರೆ ಹುಣ್ಣಿಮೆಯ ಚಂದ್ರ ಮರೆಯಾಗುತ್ತಾನೆ. ಅವನು ಎಷ್ಟೇ ದೊಡ್ಡವನಾದರೂ ಬೆರಳು ಹತ್ತಿರದ್ದು. ದೂರ ಇಮ್ಮಡಿಯಾದರೆ ಈ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲೆ, ಕೆಳಗೆ, ಸುತ್ತ ಎಲ್ಲ ಸೇರಿ 4 ಪೈ, ಅಂದರೆ ಸುಮಾರು 12.57 ಸ್ಟೆರೇಡಿಯನ್.

ಇನ್ನು ಸ್ಟೆರೇಡಿಯನ್ನಿನ ಕುಲಗೋತ್ರ. 1960ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ಇದನ್ನು ಮೂಲಮಾನಗಳ ಪಂಕ್ತಿಯಲ್ಲೂ ಕೂರಿಸದೆ, ಸಾಧಿತಮಾನಗಳ ಪಂಕ್ತಿಯಲ್ಲೂ ಕೂರಿಸದೆ, ‘ಪೂರಕಮಾನ’ ಎಂದು ಬೇರೆ ಎಲೆ ಹಾಕಿತು. ಮೂವತ್ತೈದು ವರ್ಷ ಕಳೆದು, 1995ರಲ್ಲಿ, ಆ ಪಂಕ್ತಿಯನ್ನೇ ಎಬ್ಬಿಸಿ ಸಾಧಿತಮಾನಗಳ ಸಾಲಿಗೆ ಕಳಿಸಿತು. ಈ ಭಾಗದ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಬೆಂಗಳೂರು ಗ್ರಾಮಾಂತರದಲ್ಲಿದ್ದ ಅವರ ನೆಲ 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಅಷ್ಟೂ ದಿನ ಅವರು ಇದ್ದ ಮನೆಯಲ್ಲೇ ಇದ್ದರು.

ಘನಕೋನಗಳು ಅಷ್ಟವಿಧ.

ಪ್ರಥಮತಃ ಶೈಲಘನಕೋನ. ಮಾಗಡಿಯ ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಯಾವ ಕೈಪಿಡಿಯೂ ಕೇಳುವುದಿಲ್ಲ. ದೂರದಿಂದ ಹೆಬ್ಬೆರಳಿಗೆ ಮರೆಯಾಗುವ ಬಂಡೆ, ಬುಡದ ವೀರಭದ್ರಸ್ವಾಮಿ ಗುಡಿಯ ಬಳಿ ನಿಂತವನ ಎದುರಿನ ಆಕಾಶವನ್ನೇ ಕಿತ್ತುಕೊಳ್ಳುತ್ತದೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ದುರ್ಗವನ್ನು ಹಿಡಿಯಿತೇ ಹೊರತು ಅದರ ಘನಕೋನಕ್ಕೆ ಏನೂ ಆಗಲಿಲ್ಲ. ಘನಕೋನ ಅಳಿಸುವ ಕೆಲಸ, ಬೇರೆ ಗುಡ್ಡಗಳ ಪಾಲಿಗೆ, ಕಲ್ಲುಕ್ವಾರಿಗಳ ಕಾಲಕ್ಕೆ ಕಾದಿತ್ತು: ಸೀಳಿ ಲಾರಿಗೆ ಹೇರಿದ ಗುಡ್ಡದ ಘನಕೋನ, ಅದು ನಿಂತಿದ್ದ ಜಾಗದಲ್ಲಿ, ಸೊನ್ನೆ.

ದ್ವಿತೀಯತಃ ಕ್ರೀಡನಕಘನಕೋನ. ಚನ್ನಪಟ್ಟಣದ ಬುಗುರಿಯನ್ನು ಶಂಕುವೆಂದು ಪರಿಭಾವಿಸಿ, ಅದರ ನಡುಗೆರೆಗೂ ಪಕ್ಕಕ್ಕೂ 30 ಡಿಗ್ರಿ ಎಂದು ಹಿಡಿದರೆ, ಮೊನೆಯಲ್ಲಿ 0.84 ಸ್ಟೆರೇಡಿಯನ್ ಲಭಿಸುತ್ತದೆ. ಸೂತ್ರದಲ್ಲಿ ಪೈ ಉಂಟು, ಕೊಸೈನ್ ಉಂಟು. ಕುಶಲಕರ್ಮಿಯ ಬಳಿ ಇರುವುದು ಆಲೆಮರದ ತುಂಡು, ಉಳಿ, ಅರಗಿನ ಕಡ್ಡಿ. ತಿರುಗುವ ಮರಕ್ಕೆ ಉಳಿ ಕೊಟ್ಟು ಮೊನೆ ತೆಗೆಯುತ್ತಾನೆ, ಕಡ್ಡಿ ಒತ್ತುತ್ತಾನೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಒಂದೇ ಅಂದಾಜಿನ ಹತ್ತು ಬುಗುರಿ ಸಾಲಾಗಿ ಕೂರುತ್ತವೆ. ಅವನನ್ನು ಯಾವ ಸಂಕಿರಣಕ್ಕೂ ಕರೆಯುವುದಿಲ್ಲ. ಅವನ ಬುಗುರಿ ಮಾತ್ರ ಅತಿಥಿಗಳ ನೆನಪಿನ ಕಾಣಿಕೆಯ ಪೊಟ್ಟಣದಲ್ಲಿರುತ್ತದೆ.

ತೃತೀಯತಃ ದೀಪಘನಕೋನ. ಎಲ್ಲ ದಿಕ್ಕಿಗೂ ಒಂದು ಕ್ಯಾಂಡೆಲಾ ಬೀರುವ ದೀಪದ ಒಟ್ಟು ಬೆಳಕು 12.57 ಲೂಮೆನ್. ಬಲ್ಬು ತನ್ನ ಬೆಳಕನ್ನು ಮನೆಯೆಲ್ಲ ಹಂಚುತ್ತದೆ, ಟಾರ್ಚು ಅಷ್ಟೇ ಬೆಳಕನ್ನು ಸಣ್ಣ ಕೋನಕ್ಕೆ ಹಿಂಡಿ ಒಂದೇ ಕಡೆ ಎರಚುತ್ತದೆ. ಕನಕಪುರದ ಕಾಡಂಚಿನಲ್ಲಿ ರಾತ್ರಿ ರಾಗಿಹೊಲ ಕಾಯುವವನಿಗೆ ಇದು ಗೊತ್ತು. ಆನೆ ಬಂತೋ ಇಲ್ಲವೋ ಎಂದು ಅವನು ನೋಡುವುದು ಟಾರ್ಚಿನಲ್ಲಿ. ಡಬ್ಬದ ಮೇಲೆ ಅಚ್ಚಾದ ಲೂಮೆನ್ ಎಷ್ಟಿದ್ದರೇನು, ಆ ಹೊತ್ತಿಗೆ ಬೇಕಾದದ್ದು ಕ್ಯಾಂಡೆಲಾ.

ಚತುರ್ಥತಃ ಗ್ರಹಣಘನಕೋನ. ಸೂರ್ಯನ ಪಾಲು ಒಂದು ಸ್ಟೆರೇಡಿಯನ್ನಿನ ಲಕ್ಷದಲ್ಲಿ ಸುಮಾರು 6.8 ಭಾಗ. ಚಂದ್ರನದೂ ಹೆಚ್ಚುಕಡಿಮೆ ಅಷ್ಟೇ. 2019ರ ಡಿಸೆಂಬರ್ 26ರಂದು ಚಂದ್ರನ ಪಾಲು ತುಸು ಕಡಿಮೆ ಬಿದ್ದು ಕೊಡಗಿನಲ್ಲಿ ಸೂರ್ಯ ಬಳೆಯಾದ. ಈ ತಾಲ್ಲೂಕುಗಳಲ್ಲಿ ಕಂಡದ್ದು ಪಾರ್ಶ್ವಗ್ರಹಣ.

ಪಂಚಮದಿಂದ ಅಷ್ಟಮದವರೆಗಿನ ವಿಧಗಳಿಗೆ ನಾಮಕರಣ ಮಾತ್ರ ಆಗಿತ್ತು. ಪ್ರಬಂಧಕಾರನಿಗೆ ಸಾಕಾಗಿದೆ. ಸೂರ್ಯನ ಲೆಕ್ಕ ಮುಗಿಸಿ ಕೂತಾಗ ಇನ್ನೊಂದು ಲೆಕ್ಕ ತಾನಾಗಿ ಬಂತು.

ಉದ್ದಕೊಕ್ಕಿನ ರಣಹದ್ದು ರೆಕ್ಕೆ ಹರಡಿದಾಗ ಒಂದು ಚದರ ಮೀಟರ್ ಎಂದಿಟ್ಟುಕೊಳ್ಳಿ. ಅದು ತಲೆಯ ಮೇಲೆ 120 ಮೀಟರ್ ಎತ್ತರದಲ್ಲಿ ತೇಲಿದರೆ, ಒಂದನ್ನು 14,400ರಿಂದ ಭಾಗಿಸಿ, ಲಕ್ಷದಲ್ಲಿ 6.9. ಸೂರ್ಯನಷ್ಟೇ ಪಾಲು! ರಾಮನಗರದ ರಾಮದೇವರಬೆಟ್ಟದ ಬುಡದಲ್ಲಿ ನಿಂತವನಿಗೆ ಒಂದು ಹಕ್ಕಿ ಸೂರ್ಯನ ಸಮಕ್ಕೆ ಕಾಣುತ್ತಿದ್ದ ಊರು ಇದು. ದನದ ನೋವಿಗೆ ಚುಚ್ಚಿದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಿಂದ ಹದ್ದಿನ ಹೊಟ್ಟೆ ಸೇರಿ, ಮೂತ್ರಪಿಂಡ ಕೆಡಿಸಿ, 1990ರ ದಶಕದಿಂದಾಚೆಗೆ ದೇಶದ ತುಂಬ ಅವುಗಳನ್ನು ಕೊಂದಿತು. ಪಶುವೈದ್ಯದಲ್ಲಿ ಆ ಮದ್ದಿಗೆ ನಿಷೇಧ ಬಂದದ್ದು 2006ರಲ್ಲಿ. ಬೆಟ್ಟ ರಣಹದ್ದು ಧಾಮವಾದದ್ದು 2012ರಲ್ಲಿ. ಆ ಹೊತ್ತಿಗೆ ಧಾಮದಲ್ಲಿ ಉಳಿದಿದ್ದವು ಬೆರಳಲ್ಲಿ ಎಣಿಸುವಷ್ಟು. ಒಂದು ಜೀವಕುಲವನ್ನು ಸೂಜಿಯ ಮೊನೆಯಿಂದ ಆಕಾಶದಿಂದ ಒರೆಸಿ, ಆಮೇಲೆ ಕಮಾನು ಕಟ್ಟಿ ಬೋರ್ಡು ಹಾಕುವುದಕ್ಕೆ ಯಾವ ಪರಿಭಾಷೆ ಹೊಂದುತ್ತದೋ ಪಂಡಿತರೇ ಹೇಳಲಿ.

ಭಾನುವಾರ ಬೆಟ್ಟಕ್ಕೆ ಬರುವವರು ಕೇಳುವುದು ಒಂದೇ: 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದು? ಯಾರೋ ಒಬ್ಬರು ಬೆರಳು ತೋರಿಸುತ್ತಾರೆ, ಮೊಬೈಲುಗಳೆಲ್ಲ ಆ ಕಡೆ ತಿರುಗುತ್ತವೆ. ಅವರ ತಲೆಯ ಮೇಲೆ 6.28 ಸ್ಟೆರೇಡಿಯನ್ ಆಕಾಶ, ಬಹುಪಾಲು ದಿನ ಖಾಲಿ.