ಮನೆ ಇಳಿಸಿ ವ್ಯಾನ್ ಏರುವ ಮುನ್ನ

ಮನೆ ಮಾರಿ, ಇನ್ನು ಮೋಟರ್‌ಹೋಮ್‌ನಲ್ಲೇ ವಾಸ ಎಂದು ಬಂಟ್ವಾಳದ ನಿವೃತ್ತ ಮೇಷ್ಟ್ರು ಘೋಷಿಸಿದರು. ಹೆಂಡತಿ ಸಾಮಾನಿನ ಪಟ್ಟಿ ಹಿಡಿದು ನಿಂತರು.

"ಕಡೆಯುವ ಕಲ್ಲು?"

"ಗುಜರಿಗೆ."

"ಅತ್ತೆಯ ಕಾಲದ್ದು ಮಾರಾಯ್ರೆ! ನಿಮ್ಮ ಹಳೇ ಪಂಚಾಂಗದ ಕಟ್ಟು?"

"ಅದಿರಲಿ. ಜ್ಞಾನ ಭಂಡಾರ."

"ಜ್ಞಾನಕ್ಕೂ ತೂಕ ಉಂಟು. ಕಾರಿನ ಲೈಸೆನ್ಸಿನಲ್ಲಿ ಓಡಿಸುವ ಗಾಡಿ ಸಾಮಾನು ಸೇರಿ 7,500 ಕಿಲೋ ಮೀರಬಾರದು."

ಮೇಷ್ಟ್ರು ಮಾತು ತಿರುಗಿಸಿದರು. "ಮೊದಲು ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿ ನೋಡುವ. ಆಮೇಲೆ ಬೆಳ್ತಂಗಡಿ, ಚಾರ್ಮಾಡಿ ಘಾಟಿ."

"ಘಾಟಿಯ ಹಿಮ್ಮುರಿ ತಿರುವಿನಲ್ಲಿ ಆ ಗಾಡಿ ತಿರುಗಿಸುವುದು ಯಾರು? ಆಟಿ ತಿಂಗಳ ಮಳೆಗೆ ಬಟ್ಟೆ ಒಣಗಿಸುವುದು ಎಲ್ಲಿ? ಕೇರಳದವರು 2021ರಲ್ಲಿ ಕ್ಯಾರವಾನ್ ನೀತಿ ತಂದದ್ದು ಪ್ರವಾಸಕ್ಕೆ, ಸಂಸಾರಕ್ಕಲ್ಲ. ಮತ್ತೆ ಕುಟುಂಬದ ದೈವಕ್ಕೆ ತಂಬಿಲದ ಪೂಜೆ ಎಲ್ಲಿ? ಸ್ಟೆಪ್ನಿಯ ಪಕ್ಕದಲ್ಲಾ?"

ದೈವಕ್ಕಾಗಿ ಮೇಷ್ಟ್ರು ಮನೆ ಉಳಿಸಿದರು. ಮನೆ ಉಳಿದ ಮೇಲೆ ಕಲ್ಲು, ಭರಣಿ, ಹಂಡೆ, ಅಮೆರಿಕದಲ್ಲಿರುವ ಮಗನ ಎಂಜಿನಿಯರಿಂಗ್ ಪುಸ್ತಕ, ಎಲ್ಲವೂ ಉಳಿದವು. ಗುಜರಿಗೆ ಹೋದದ್ದು ವ್ಯಾನಿನ ಕೊಟೇಶನ್ ಮಾತ್ರ.

ನಿಜಕ್ಕೂ ಮನೆ ಹಗುರ ಮಾಡಲು ಹೊರಟವರಿಗೆ ಒಂದು ಮಾತು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯ ತುಳುನಾಡಿನ ಹಳೆಯ ಮನೆಬಳಕೆಯ ವಸ್ತುಗಳನ್ನು ಕಾಪಾಡುತ್ತಿದೆ. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳೂ ಇವೆ. ಗುಜರಿಯವನನ್ನು ಕರೆಯುವ ಮೊದಲು ಅಲ್ಲಿಗೊಮ್ಮೆ ಹೋಗಿ ಬನ್ನಿ.